ಪಿಲಿಕುಳದಲ್ಲಿ ಆರೇ ಮರ: ಅವಸರವಿಲ್ಲದ ಒಂದು ದಿನಕ್ಕೆ ದಾರಿ

ಮಂಗಳೂರಿಗೆ ನೆಂಟರು ಬಂದರೆ ಪಿಲಿಕುಳ ನಿಸರ್ಗಧಾಮ ತೋರಿಸುವುದು ವಾಡಿಕೆ. ಹುಲಿ ನೋಡಿ, ಹಾವು ನೋಡಿ, ಕೆರೆಯಲ್ಲಿ ದೋಣಿ ಹತ್ತಿ, ತಾರಾಲಯದ ಶೋ ಮುಗಿಸಿ, ಗುತ್ತಿನ ಮನೆಯ ಚಾವಡಿಯಲ್ಲಿ ಫೋಟೊ ಹೊಡೆದು, ಹೊತ್ತು ಮುಳುಗುವುದರೊಳಗೆ ಪಣಂಬೂರು ಬೀಚಿಗೆ ಓಡುವವರೇ ಹೆಚ್ಚು. ಈ ಓಟದಲ್ಲಿ ಎಲ್ಲರೂ ಬಿಟ್ಟುಬಿಡುವ ಜಾಗ ಒಂದುಂಟು, ಅಲ್ಲಿಯ ಸಸ್ಯೋದ್ಯಾನ. ಅಲ್ಲಿಯವರ ಬಾಯಲ್ಲಿ ಅದು ಅರ್ಬೊರೇಟಂ. ಪಶ್ಚಿಮ ಘಟ್ಟದ ಮರಗಳನ್ನೇ ಆರಿಸಿ ನೆಟ್ಟು ಬೆಳೆಸಿದ ತೋಟ ಅದು. ಘಟ್ಟ ಹತ್ತದೆ ಘಟ್ಟದ ಮರಗಳ ಪರಿಚಯ ಮಾಡಿಕೊಳ್ಳಲು ಮಂಗಳೂರಿಗೆ ಇಷ್ಟು ಹತ್ತಿರದಲ್ಲಿ ಇನ್ನೊಂದು ಜಾಗ ಇಲ್ಲ.

ಈ ಬರಹ ಆ ತೋಟಕ್ಕೆ ಮಾತ್ರ. ಮೃಗಾಲಯ ಬೇಕಾದವರು ಅದಕ್ಕೇ ಒಂದು ದಿನ ಇಡಿ. ಎರಡನ್ನೂ ಒಂದೇ ದಿನ ಮಾಡುತ್ತೇನೆಂದು ಹೊರಟರೆ ಮರ ಸೋಲುತ್ತದೆ, ಹುಲಿಯೇ ಗೆಲ್ಲುತ್ತದೆ. ಮಕ್ಕಳು ಜೊತೆಗಿದ್ದರಂತೂ ಕೇಳುವುದೇ ಬೇಡ.

ಯಾವ ತಿಂಗಳು, ಯಾವ ದಿನ

ನವೆಂಬರಿನಿಂದ ಮಾರ್ಚಿನವರೆಗೆ ಹೋದರೆ ಒಳ್ಳೆಯದು. ಅದರಲ್ಲೂ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ವಾರಗಳು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲು: ಸುರಗಿ, ಅಶೋಕ, ಧೂಪ ಮೂರೂ ಹೂವಿಗೆ ಬರುವ ಕಾಲ. ಸೆಕೆ ಇರುತ್ತದೆ, ಆದರೆ ಬೆಳಗ್ಗೆ ತಡೆದುಕೊಳ್ಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಹನ್ನೊಂದು ಗಂಟೆಗೇ ಬೆವರಿ ಒದ್ದೆಯಾಗಿ ಮರವನ್ನು ಬೈದು ವಾಪಸಾಗುತ್ತಾರೆ. ಮಳೆಗಾಲದಲ್ಲಿ ಹೋಗಬಾರದೆಂದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಇದು, ಕಾಡಿನ ಮರ ಚಂದ ಕಾಣುವುದೇ ಆಗ. ಆದರೆ ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಜಾರಿ ಬಿದ್ದರೆ ಆಮೇಲೆ ಮರ ನೋಡುವ ಮನಸ್ಸು ಉಳಿಯುವುದಿಲ್ಲ. ಮಳೆಗಾಲಕ್ಕೆ ಹೋಗುವುದಾದರೆ ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಬಿಸಿಲು ಇಣುಕುವ ದಿನ ನೋಡಿ.

ಸೋಮವಾರ ಪಿಲಿಕುಳಕ್ಕೆ ರಜೆ. ಭಾನುವಾರ ಜನ. ಮಂಗಳವಾರದಿಂದ ಶುಕ್ರವಾರದ ನಡುವೆ ಒಂದು ದಿನ ರಜೆ ಹಾಕಲು ಸಾಧ್ಯವಾದರೆ ಹಾಕಿ. ಶಾಲಾ ಪ್ರವಾಸದ ಬಸ್ಸುಗಳು ಡಿಸೆಂಬರಿನಲ್ಲಿ ಸಾಲುಗಟ್ಟಿ ಬರುತ್ತವೆ, ಆದರೆ ಅವು ಮೃಗಾಲಯದ ಕಡೆಗೇ ಹೋಗುವುದರಿಂದ ನಮಗೆ ತೊಂದರೆಯಿಲ್ಲ.

ಚೀಲದಲ್ಲಿ ಏನಿರಲಿ

ನೀರಿನ ಬಾಟ್ಲಿ, ಕೊಡೆ, ಸೊಳ್ಳೆಗೆ ಹಚ್ಚುವ ಕ್ರೀಮು, ಸಣ್ಣ ನೋಟ್‌ಬುಕ್ಕು, ಪೆನ್ಸಿಲ್. ಪೆನ್ನು ಬೇಡ, ಬೆವರಿದ ಕೈಗೆ ಶಾಯಿ ಹರಡುತ್ತದೆ. ಕೆಳಗೆ ಹಾಸಿ ಕೂರಲು ಹಳೆಯ ಬೈರಾಸು ಒಂದಿರಲಿ. ಇದು ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ. ಕಾಲಿಗೆ ಶೂ. ಚಪ್ಪಲಿ ಹಾಕಿ ಬಂದವರನ್ನು ಚಗಳಿ ಇರುವೆಗಳು ಹುಡುಕಿಕೊಂಡು ಬರುತ್ತವೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಿಂಡಿ ಕಟ್ಟಿಕೊಂಡು ಹೋಗಬೇಡಿ. ಬಾಟ್ಲಿ ತಂದರೆ ವಾಪಸು ಮನೆಗೇ ಒಯ್ಯಿರಿ.

ಬಸ್ಸಿನಿಂದಲೇ ಶುರು ಮಾಡಿ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಪಿಲಿಕುಳಕ್ಕೆ ಸುಮಾರು 12 ಕಿಲೋಮೀಟರ್. ಕುಲಶೇಖರ, ಕುಡುಪು ದಾಟಿ ಮೂಡುಬಿದಿರೆ ಕಡೆಗೆ ಹೋಗುವ ಯಾವ ಬಸ್ಸಾದರೂ ವಾಮಂಜೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೂಡುಶೆಡ್ಡೆ ರಸ್ತೆಗೆ ರಿಕ್ಷಾ. ಸ್ವಂತ ಕಾರಿದ್ದವರೂ ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ ಎನ್ನುತ್ತೇನೆ. ಕಿಟಕಿ ಬದಿಯ ಸೀಟು ಸಿಕ್ಕಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಪಾಠ ಇಷ್ಟೇ: ದಾರಿಬದಿಯ ಮರಗಳಲ್ಲಿ ಯಾವುದು ಈ ನೆಲದ್ದು, ಯಾವುದು ಹೊರಗಿನಿಂದ ಬಂದದ್ದು ಎಂದು ವಿಂಗಡಿಸುತ್ತಾ ಹೋಗಿ. ಗುಲ್‌ಮೊಹರ್ ಮಡಗಾಸ್ಕರಿನದ್ದು. ಕೊಡೆ ಬಿಚ್ಚಿದ ಹಾಗೆ ರಸ್ತೆಗೆ ನೆರಳು ಕೊಡುವ ಮಳೆಮರ ಅಮೆರಿಕ ಖಂಡದ್ದು. ಗುಡ್ಡೆಗಳ ಮೇಲೆ ಸಾಲಾಗಿ ನಿಂತ ಅಕೇಶಿಯಾ ಆಸ್ಟ್ರೇಲಿಯಾ ಕಡೆಯದ್ದು. ಗೇರುಮರವೂ ನಮ್ಮದಲ್ಲ, ಬ್ರೆಜಿಲಿನಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಪಪ್ಪಾಯಿ, ಅನನಾಸು, ಪೇರಳೆ, ಮೆಣಸಿನಕಾಯಿ ಎಲ್ಲವೂ ಅದೇ ಸಮುದ್ರದ ದಾರಿಯವು. ಬಂದರಿನ ಊರೆಂದ ಮೇಲೆ ಮರಗಿಡವೂ ವಲಸೆ ಬರುತ್ತದೆ. ಮಂಗಳೂರಿನ ಗೇರುಬೀಜ ಇವತ್ತು ಹೊರದೇಶಕ್ಕೆ ಹೋಗುತ್ತದೆಂದರೆ, ಅದು ಬಂದ ದಾರಿಯಲ್ಲೇ ವಾಪಸು ಹೊರಟಂತಾಯಿತು.

ದಾರಿಯಲ್ಲಿ ಸಿಗುವ ಕುಡುಪು ಹೆಸರಾಂತ ನಾಗಕ್ಷೇತ್ರ. ಇಳಿಯುವ ಮನಸ್ಸಿದ್ದರೆ ಇಳಿದು ಅನಂತಪದ್ಮನಾಭನಿಗೆ ಕೈಮುಗಿದು ಮುಂದಿನ ಬಸ್ಸಿಗೆ ಹೋಗಬಹುದು. ತುಳುನಾಡಿನಲ್ಲಿ ಮರ ಉಳಿಸಿದ್ದು ನಾಗಬನಗಳೇ. ಸುತ್ತಲ ಕಾಡೆಲ್ಲ ಗದ್ದೆ, ತೋಟ, ಸೈಟು ಆದಮೇಲೂ ಬನದೊಳಗೆ ಕತ್ತಿ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಈಚೆಗೆ ಬನಕ್ಕೆಲ್ಲ ಕಾಂಕ್ರೀಟ್ ಕಟ್ಟೆ, ಟೈಲ್ಸು ಬಂದು ಒಳಗಿನ ಮರವನ್ನೇ ಕಡಿಯುವುದು ಶುರುವಾಗಿದೆ. ಅದು ಬೇರೆಯೇ ಸಂಕಟ, ಇಲ್ಲಿ ಬೇಡ.

ಒಳಗೆ ಹೋದಮೇಲೆ

ಪಿಲಿಕುಳ ನಿಸರ್ಗಧಾಮಕ್ಕೆ ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. 350 ಎಕರೆಗೂ ಮಿಕ್ಕಿದ ಜಾಗ, ಒಂದೊಂದು ವಿಭಾಗ ಒಂದೊಂದು ಕಡೆ. ಟಿಕೆಟ್ ಕೌಂಟರಿನಲ್ಲಿ ಮೊದಲೇ ಹೇಳಿ, ನಾನು ಅರ್ಬೊರೇಟಂ ನೋಡಲು ಬಂದವನು ಎಂದು. ಇಲ್ಲದಿದ್ದರೆ ಎಲ್ಲರಿಗೂ ಕೊಡುವ ಟಿಕೆಟ್ಟೇ ನಿಮಗೂ ಸಿಗುತ್ತದೆ, ಬಾಣದ ಗುರುತು ಹಿಡಿದು ನಡೆದರೆ ಮೊಸಳೆಯ ಎದುರು ನಿಂತಿರುತ್ತೀರಿ. ಯಾವ ದಿಕ್ಕು, ಎಷ್ಟು ನಡಿಗೆ, ಯಾವ ಹೊತ್ತಿಗೆ ಗೇಟು ಹಾಕುತ್ತಾರೆ, ಈ ಮೂರನ್ನು ಅಲ್ಲೇ ಕೇಳಿಕೊಳ್ಳಿ.

ತೋಟ ಹೊಕ್ಕ ಮೊದಲ ಹತ್ತು ನಿಮಿಷ ಸುಮ್ಮನೆ ನಡೆಯಿರಿ. ಬೋರ್ಡು ಓದಬೇಡಿ, ಫೋಟೊ ತೆಗೆಯಬೇಡಿ. ಕಣ್ಣಿಗೆ ಹಸಿರು ಒಂದೇ ಬಣ್ಣವಾಗಿ ಕಾಣುವುದು ನಿಂತು, ಇದರ ಎಲೆ ಬೇರೆ, ಅದರ ತೊಗಟೆ ಬೇರೆ ಎಂದು ತಾನಾಗಿ ಬಿಡಿಬಿಡಿಯಾಗಲು ಅಷ್ಟು ಹೊತ್ತು ಬೇಕು.

ಆಮೇಲೆ ತೋಟದಲ್ಲಿ ಕೆಲಸ ಮಾಡುವವರು ಯಾರಾದರೂ ಸಿಕ್ಕರೆ ಮಾತಾಡಿಸಿ. ಬೋರ್ಡಿಗಿಂತ ಅವರೇ ವಾಸಿ. "ಅಕ್ಕಾ, ಸುರಗಿ ಮರ ಎಲ್ಲುಂಟು?" ಎಂದು ಕೇಳಿದರೆ ಹಿಡಿಸೂಡಿ ನಿಲ್ಲಿಸಿ, "ಅಗೋ, ಮೇಲೆ ಹೋಗಿ, ತಿರ್ಗಾಸಿನಲ್ಲಿ ಉಂಟು. ಈಗ ಹೂ ಇಲ್ಲ ಮಾರಾಯ್ರೆ, ಶಿವರಾತ್ರಿ ಕಳೆದು ಬರ್ಬೇಕಿತ್ತು" ಎಂದು ದಾರಿ, ಕಾಲ ಎರಡನ್ನೂ ಹೇಳಿಬಿಡುತ್ತಾರೆ. ತುಳು ಬಂದರೆ ತುಳುವಿನಲ್ಲೇ ಕೇಳಿ, ಇನ್ನೂ ನಾಲ್ಕು ಮಾತು ಹೆಚ್ಚು ಸಿಗುತ್ತದೆ.

ಆರು ಮರ ಸಾಕು

ಅಲ್ಲಿರುವ ಎಲ್ಲ ಮರ ನೋಡಲು ಹೋಗಬೇಡಿ. ಆರು ಆರಿಸಿಕೊಳ್ಳಿ, ಒಂದೊಂದಕ್ಕೆ ಇಪ್ಪತ್ತು ನಿಮಿಷ ಕೊಡಿ. ಬೈರಾಸು ಬೇಕಾಗುವುದು ಇಲ್ಲಿ. ಮರದ ಬುಡದಲ್ಲಿ ಕೂತರೆ ನಿಂತಾಗ ಕಾಣದ್ದೆಲ್ಲ ಕಾಣುತ್ತದೆ: ಬಿದ್ದ ಎಲೆ, ಸೀಳಿದ ಕಾಯಿ, ಹಕ್ಕಿ ಉಗುಳಿದ ಬೀಜ, ಬುಡದಲ್ಲೇ ಮೊಳೆತ ಮರಿ. ನೆಲದಿಂದ ಶುರು ಮಾಡಿ, ಆಮೇಲೆ ತೊಗಟೆ, ಕಡೆಗೆ ಎಲೆ ಮತ್ತು ನೆತ್ತಿ. ನೋಟ್‌ಬುಕ್ಕಿನಲ್ಲಿ ಒಂದು ಎಲೆಯ ಚಿತ್ರ ಬಿಡಿಸಿ. ಚಂದ ಬರಬೇಕಾಗಿಲ್ಲ, ಎಲೆ ಕೊಂಬೆಗೆ ಕೂತ ರೀತಿ ಸರಿಯಾಗಿದ್ದರೆ ಸಾಕು. ಎದುರುಬದುರು ಕೂತಿದೆಯೋ, ಒಂದು ಬಿಟ್ಟು ಒಂದೋ, ಸುತ್ತಲೂ ಬಳಸಿ ಕೂತಿದೆಯೋ. ಮರ ಗುರುತಿಸುವ ವಿದ್ಯೆಯಲ್ಲಿ ಅರ್ಧ ಇದೇ. ಮೊಬೈಲ್ ಆ್ಯಪ್ ಆಮೇಲೆ ತೆಗೆದರಾಯಿತು, ಮೊದಲೇ ತೆಗೆದರೆ ಹೆಸರು ಸಿಕ್ಕಿದ ಕ್ಷಣ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ.

ನನ್ನ ಆರು ಇವು. ನಿಮ್ಮವು ಬೇರೆ ಇರಬಹುದು.

ಮೊದಲು ಹಾಲೆ ಮರ, ತುಳುವಿನವರ ಪಾಲೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಇದರ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಬೆಳ್ಳುಳ್ಳಿ, ಕರಿಮೆಣಸು, ಓಮ ಹಾಕಿ ಮಾಡಿದ ಕಷಾಯವನ್ನು ಮನೆಮಂದಿಯೆಲ್ಲ ಕುಡಿಯುವುದು, ಮೇಲಿಂದ ಮೆಂತೆ ಗಂಜಿ ಉಣ್ಣುವುದು ಇಲ್ಲಿಯ ಪದ್ಧತಿ. ಕುಡಿದವರೆಲ್ಲ ಮುಖ ಸಿಂಡರಿಸಿದ್ದು ಗೊತ್ತು, ಆದರೆ ಹಗಲಿನಲ್ಲಿ ಈ ಮರವನ್ನು ಗುರುತಿಸಬಲ್ಲವರು ಎಷ್ಟು ಮಂದಿ? ಕಷಾಯದ ಮರ ಗೊತ್ತಿಲ್ಲದಿದ್ದರೆ ಅಪಾಯವೂ ಉಂಟು. ಕಾಸರಕದ ತೊಗಟೆಯೂ ಕಹಿಯೇ, ಆದರೆ ಅದರಲ್ಲಿರುವುದು ಸ್ಟ್ರಿಕ್ನೀನ್ ಎಂಬ ಕಡು ವಿಷ. ಕತ್ತಲಲ್ಲಿ ತೊಗಟೆ ಮುಟ್ಟಿ ಎರಡನ್ನೂ ಬೇರೆ ಮಾಡುತ್ತೇನೆಂದು ಹೊರಡಬಾರದು.

ಹಾಗಾಗಿ ಇಲ್ಲಿ ನಿಂತು ಸರಿಯಾಗಿ ನೋಡಿ. ಹಾಲೆಯ ಎಲೆಗಳು ಕೊಂಬೆಯ ಒಂದೇ ಗಂಟಿನಿಂದ ಐದು, ಆರು, ಏಳು ಸುತ್ತಲೂ ಹರಡಿಕೊಂಡಿರುತ್ತವೆ. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಮುರಿಯಲು ಹೋಗಬೇಡಿ, ತೋಟದ್ದಲ್ಲವೇ, ಗಾಳಿಗೆ ಮುರಿದು ಬಿದ್ದ ಕೊಂಬೆ ಸಿಕ್ಕರೆ ನೋಡಿ. ಕಾಸರಕದ ಎಲೆ ಎರಡೆರಡೇ ಎದುರುಬದುರಾಗಿ, ಹೊಳೆಯುತ್ತಾ, ಬುಡದಿಂದಲೇ ಮೂರೋ ಐದೋ ನರ ಎದ್ದು ತುದಿಯ ಕಡೆಗೆ ಬಾಗಿ ಹೋಗಿರುತ್ತದೆ. ಹಾಲು ಬರುವುದಿಲ್ಲ. ಹಣ್ಣು ಕಿತ್ತಳೆ ಬಣ್ಣದ ಚೆಂಡು, ಮಕ್ಕಳ ಕೈಗೆ ಸಿಗಬಾರದು. ಇಷ್ಟನ್ನು ಹಗಲು ಬೆಳಕಿನಲ್ಲಿ ಒಮ್ಮೆ ಮನಸ್ಸಿಗೆ ಹಾಕಿಕೊಂಡರೆ ಮುಂದಿನ ಆಟಿಗೆ ಬೇಕಾಯಿತು. ಮರ ಮಾತ್ರ ಹಿಂದಿನ ದಿನ ಹಗಲೇ ಗುರುತು ಮಾಡಿಟ್ಟುಕೊಳ್ಳಿ, ಜೊತೆಗೆ ತಿಳಿದವರೊಬ್ಬರು ಇರಲಿ.

ಎರಡನೆಯದೂ ಮೂರನೆಯದೂ ಜೋಡಿ: ಧೂಪ ಮತ್ತು ಕಿರಾಲ್‌ಬೋಗಿ. ಎರಡೂ ಒಂದೇ ಕುಟುಂಬ, ಎರಡೂ ಮುಗಿಲೆತ್ತರ ಬೆಳೆಯುವಂಥವು. ಧೂಪದ ಎಲೆ ದೊಡ್ಡದು, ದಪ್ಪ, ಚಿಗುರು ಕೆಂಪು. ಹೂ ಬಿಳಿ, ಪರಿಮಳ ದೂರಕ್ಕೆ ಬರುತ್ತದೆ. ತೊಗಟೆಗೆ ಗಾಯವಾದ ಕಡೆ ಒಸರಿ ಗಟ್ಟಿಯಾದ ರಾಳ ಕಂಡರೆ ಅದೇ ದೇವರ ಮುಂದೆ ಕೆಂಡಕ್ಕೆ ಹಾಕುವ ಧೂಪ. ಹಿಂದೆ ರಸ್ತೆಬದಿಗೆ ಸಾಲುಮರವಾಗಿ ನೆಡುತ್ತಿದ್ದುದರಿಂದ ಸಾಲುಧೂಪ ಎಂದೂ ಹೇಳುವುದುಂಟು. ರಸ್ತೆ ಅಗಲವಾದಂತೆ ಸಾಲೂ ಹೋಯಿತು.

ಇವೆರಡರ ಕಾಯಿ ಹೋಲಿಸಿ ನೋಡಿ. ಧೂಪದ ಕಾಯಿ ಭಾರ, ದಪ್ಪ ಬೀಜ, ಬುಡದಲ್ಲೇ ಬೀಳುತ್ತದೆ. ಬೋಗಿಯದ್ದು ಸಣ್ಣ ಕಾಯಿ, ಎರಡು ಉದ್ದನೆಯ ರೆಕ್ಕೆ. ಮಳೆಗಾಲದ ಮುಂಚಿನ ಗಾಳಿಗೆ ಗಿರಗಿರ ತಿರುಗುತ್ತಾ ಇಳಿಯುತ್ತದೆ. ಒಂದನ್ನು ಹೆಕ್ಕಿ ತಲೆಯೆತ್ತರದಿಂದ ಬಿಟ್ಟು ನೋಡಿ, ಮಕ್ಕಳಿದ್ದರೆ ಅರ್ಧ ಗಂಟೆ ಅಲ್ಲೇ ಹೋಯಿತು. ಈ ಎರಡು ಬೀಜಗಳಲ್ಲೂ ಒಂದು ಗುಣ ಸಮಾನ. ಭತ್ತದ ಹಾಗೆ ಒಣಗಿಸಿ ಮುಡಿ ಕಟ್ಟಿ ಇಡುವ ಬೀಜ ಇವಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವೇ ಸತ್ತುಹೋಗುತ್ತದೆ. ಮಳೆ ಶುರುವಾಗುವ ಹೊತ್ತಿಗೇ ಉದುರುವುದು ಅದಕ್ಕಾಗಿ. ಕಾಡು ಒಮ್ಮೆ ಕಡಿದರೆ ಈ ಮರಗಳು ತಾವಾಗಿ ವಾಪಸು ಬಾರದಿರುವುದಕ್ಕೂ ಇದೊಂದು ಕಾರಣ: ನೆಲದಡಿ ವರ್ಷಗಟ್ಟಲೆ ಕಾದು ಕೂತ ಬೀಜ ಇವುಗಳಿಗಿಲ್ಲ. ತಾಯಿಮರ ಹತ್ತಿರದಲ್ಲಿ ಇದ್ದರಷ್ಟೇ ಮರಿ. ಈ ತೋಟ ಬರೀ ಚಂದಕ್ಕಲ್ಲ ಎನ್ನಲು ನನಗೆ ಇಷ್ಟು ಸಾಕು.

ನಾಲ್ಕನೆಯದು ರಾಮಪತ್ರೆ. ತೊಗಟೆಗೆ ಗಾಯವಾದರೆ ರಕ್ತದ ಬಣ್ಣದ ರಸ ಒಸರುತ್ತದೆ. ಕಾಯಿ ಒಡೆದಾಗ ಒಳಗಿನ ಬೀಜಕ್ಕೆ ಕೆಂಪು ಪತ್ರೆ ಬೆರಳು ಬೆರಳಾಗಿ ಹಿಡಿದುಕೊಂಡಿರುತ್ತದೆ. ಅಡುಗೆಗೆ, ಮದ್ದಿಗೆ ಬಳಸುವುದು ಆ ಪತ್ರೆಯನ್ನೇ. ಮಂಗಟ್ಟೆ ಹಕ್ಕಿ ಬೀಜವನ್ನು ಪತ್ರೆ ಸಮೇತ ನುಂಗಿ, ಪತ್ರೆ ಜೀರ್ಣಿಸಿಕೊಂಡು, ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಹಕ್ಕಿಗೆ ಊಟ, ಮರಕ್ಕೆ ಪ್ರಯಾಣ.

ಐದನೆಯದು ಅಶೋಕ. ಕಂಪೌಂಡ್ ಗೋಡೆಗೆ ಸಾಲಾಗಿ ನೆಟ್ಟ, ಅಲೆಅಲೆ ಅಂಚಿನ ಎಲೆಯ, ನೆಟ್ಟಗೆ ಮೇಲೇರುವ ಮರ ಅಶೋಕವಲ್ಲ, ಎಲ್ಲರೂ ಅದನ್ನು ಹಾಗೇ ಕರೆದರೂ. ನಿಜವಾದ ಅಶೋಕ ಅಷ್ಟು ಎತ್ತರ ಹೋಗುವುದಿಲ್ಲ, ಹರಡಿಕೊಳ್ಳುತ್ತದೆ. ಎಳೆ ಎಲೆಗಳು ತಾಮ್ರದ ಬಣ್ಣದಲ್ಲಿ ಗೊಂಚಲಾಗಿ ಜೋತುಬಿದ್ದಿರುತ್ತವೆ. ಕಿತ್ತಳೆ ಬಣ್ಣದ ಹೂ ಬಲಿತ ಕೊಂಬೆಗೇ ಅಂಟಿಕೊಂಡು ಅರಳಿ, ದಿನ ಕಳೆದಂತೆ ಕೆಂಪಿಗೆ ತಿರುಗುತ್ತದೆ.

ಆರನೆಯದು ಸುರಗಿ, ಇದಕ್ಕೆ ಮಾತ್ರ ಬೆಳಗ್ಗೆಯೇ ಹೋಗಬೇಕು. ಹೂ ಎಲೆಗಳ ನಡುವೆ ಅಲ್ಲ, ಕೊಂಬೆಗೇ ಸುತ್ತಿಕೊಂಡಂತೆ ಬಿಡುತ್ತದೆ, ಮಣಿ ಪೋಣಿಸಿದ ಹಾಗೆ. ಮರದಡಿ ನಿಂತರೆ ಮೊದಲು ಕೇಳುವುದು ಜೇನುನೊಣಗಳ ಗುಂಯ್ ಸದ್ದು, ಆಮೇಲೆ ಪರಿಮಳ. ಒಣಗಿದ ಮೇಲೂ ವಾಸನೆ ಉಳಿಯುವ ಹೂ ಇದು. ಅಜ್ಜಿಯಂದಿರು ಸೀರೆಯ ಪೆಟ್ಟಿಗೆಯಲ್ಲಿ ಮಾಲೆ ಇಡುತ್ತಿದ್ದುದು ಅದಕ್ಕೇ. ಒಂದು ಹೂ ಬಿದ್ದದ್ದು ಸಿಕ್ಕರೆ ನೋಟ್‌ಬುಕ್ಕಿನ ನಡುವೆ ಇಡಿ.

ಮುಟ್ಟುವ ಮುಂಚೆ

ತೊಗಟೆ ಮುಟ್ಟಿ ನೋಡುವುದು ಒಳ್ಳೆಯದೇ, ಆದರೆ ಕಾಂಡದ ಮೇಲೆ ಕಪ್ಪು ರಸ ಇಳಿದ ಗುರುತು ಕಂಡ ಮರವನ್ನು ಮುಟ್ಟಬೇಡಿ. ಚೇರು ಜಾತಿಯ ಮರಗಳು, ಗೇರಿನ ಬಂಧುಗಳು, ಅವುಗಳ ಸೊನೆ ತಾಗಿದರೆ ಮೈ ಸುಟ್ಟಂತೆ ಬೊಬ್ಬೆ ಏಳುತ್ತದೆ. ಹಸಿ ಗೇರುಬೀಜದ ಸಿಪ್ಪೆ ಕಚ್ಚಿ ತುಟಿ ಸುಟ್ಟುಕೊಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಎಲೆಗಳನ್ನು ಸೇರಿಸಿ ಹೊಲಿದಂತೆ ಚೆಂಡು ಕಂಡರೆ ಅದು ಚಗಳಿಯ ಗೂಡು, ಕೊಂಬೆ ಅಲುಗಾಡಿಸಬೇಡಿ. ಹಣ್ಣು, ಕಾಯಿ ಏನು ಸಿಕ್ಕರೂ ಬಾಯಿಗೆ ಹಾಕುವುದು ಬೇಡ.

ವಯಸ್ಸಾದವರು ಜೊತೆಗಿದ್ದರೆ ಗಮನಿಸಿ, ನೆಲ ಏರುತಗ್ಗು. ಮೂರು ಮರ ಸಾಕು ಅವರಿಗೆ. ಅಲ್ಲದೆ ನಿಮಗಿಂತ ಹೆಚ್ಚು ಮರದ ಹೆಸರು ಅವರಿಗೇ ಗೊತ್ತಿರುತ್ತದೆ, ಕೂರಿಸಿ ಕೇಳಿ.

ಮಧ್ಯಾಹ್ನ, ಮತ್ತು ಕದ್ರಿ

ಹನ್ನೆರಡೂವರೆಗೆ ಹೊರಗೆ ಬನ್ನಿ. ಬಿಸಿಲು ನೆತ್ತಿಗೆ ಬಂದಮೇಲೆ ಹಕ್ಕಿಗೂ ಆಸಕ್ತಿಯಿರುವುದಿಲ್ಲ. ವಾಮಂಜೂರಿನಲ್ಲಿ ಊಟ ಮಾಡಬಹುದು. ಏನೂ ಬೇಡವೆಂದರೆ ಒಂದು ಬೊಂಡ ಕುಡಿಯಿರಿ, ಪುನರ್ಪುಳಿ (ಕೋಕಂ) ಶರಬತ್ತು ಸಿಕ್ಕರೆ ಇನ್ನೂ ಒಳ್ಳೆಯದು.

ವಾಪಸು ಬರುವಾಗ ನಂತೂರಿನಲ್ಲಿ ಇಳಿದರೆ ಕದ್ರಿ ಹತ್ತಿರವೇ. ಸಂಜೆ ನಾಲ್ಕರ ನಂತರ ಹೋಗಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮ 968ರಲ್ಲಿ ಸ್ಥಾಪಿಸಿದನೆಂದು ಪೀಠದ ಶಾಸನವೇ ಹೇಳುತ್ತದೆ. ಸಾವಿರ ವರ್ಷ ದಾಟಿತು. ಅದನ್ನು ನೋಡಿ, ಮೇಲಿನ ಕೆರೆಗಳ ಬಳಿ ಸ್ವಲ್ಪ ಕೂತು, ಆಚೆಗಿರುವ ಕದ್ರಿ ಪಾರ್ಕಿಗೆ ಹೋದರೆ ಬೆಳಗಿನದಕ್ಕೆ ಪೂರಾ ಉಲ್ಟಾ: ಕತ್ತರಿಸಿ ಓರಣ ಮಾಡಿದ ಗಿಡ, ಹುಲ್ಲುಹಾಸು, ವಾಕಿಂಗ್ ಮಾಡುವವರು, ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ. ಇದನ್ನು ಕೀಳೆನ್ನುವವರ ಪೈಕಿ ನಾನಲ್ಲ. ಸಂಜೆ ಕೂರಲು ಬೆಂಚು ಬೇಕು, ನೆರಳು ಬೇಕು, ಅದು ಇಲ್ಲುಂಟು. ಬೆಳಗ್ಗೆ ಕಲಿತದ್ದನ್ನು ಪರೀಕ್ಷೆ ಮಾಡಲೂ ಸರಿಯಾದ ಜಾಗ: ಕಣ್ಣಿಗೆ ಬಿದ್ದ ಮರಗಳಲ್ಲಿ ಊರಿನವು ಎಷ್ಟು, ಹಡಗು ಹತ್ತಿ ಬಂದವು ಎಷ್ಟು?

ಮನೆಗೊಂದು ಗಿಡ

ನೋಡಿ ಬಂದವರಿಗೆ ನೆಡುವ ಆಸೆ ಹುಟ್ಟುವುದು ಸಹಜ. ಮಳೆ ಹಿಡಿಯುವ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಗಿಡ ಸಿಗುತ್ತದೆ. ಐದು ಸೆಂಟ್ಸಿನ ಜಾಗದಲ್ಲಿ ಧೂಪ, ಬೋಗಿ ನೆಟ್ಟು ಹತ್ತು ವರ್ಷದ ನಂತರ ನೆರೆಮನೆಯವರ ಹತ್ತಿರ ಜಗಳ ಕಟ್ಟಿಕೊಳ್ಳಬೇಡಿ. ಸಣ್ಣ ಜಾಗಕ್ಕೆ ಅಶೋಕ ಅಥವಾ ಪುನರ್ಪುಳಿ ಸರಿ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ತಂದರೆ ಏಳೆಂಟು ವರ್ಷ ನೀರು ಹಾಕಿದ ಮೇಲೆ, ಹೂ ಬಿಟ್ಟ ದಿನ ಗೊತ್ತಾಗುತ್ತದೆ ಅದು ಗಂಡು ಎಂದು, ಆಮೇಲೆ ಶರಬತ್ತಿನ ಆಸೆ ಬಿಡಬೇಕು. ಹಾಗಾಗಿ ನರ್ಸರಿಯಲ್ಲಿ ಹೆಣ್ಣು ಮರದಿಂದ ತೆಗೆದ ಕಸಿ ಗಿಡವನ್ನೇ ಕೇಳಿ. ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಇರಲಿ, ಅದರ ಕೆಳಗೆ ಚಿಗುರಿದ್ದನ್ನೆಲ್ಲ ಚಿವುಟಿಬಿಡಿ.